ಕಿವಿ ಟೀಚರ್

ಆರನೇ ಕ್ಲಾಸಿನ ಮಕ್ಕಳು ಆಕೆಗೆ ಇಟ್ಟ ಹೆಸರು ಕಿವಿ ಟೀಚರ್. ಇಂಗ್ಲಿಷಿನ ಯಾವ ಪದಕ್ಕೆ ‘ಎ’ ಸೇರಿಸಬೇಕು, ಯಾವುದಕ್ಕೆ ‘ಆ್ಯನ್’ ಎಂದು ಉಳಿದ ಟೀಚರುಗಳು ಬೋರ್ಡಿನ ಮೇಲೆ ಐದು ಸ್ವರಾಕ್ಷರ ಬರೆದು, ಉರು ಹೊಡೆಸಿ, ಕೈತೊಳೆದುಕೊಳ್ಳುತ್ತಿದ್ದರು. ಈಕೆ ಬೋರ್ಡನ್ನೇ ಮುಟ್ಟುತ್ತಿರಲಿಲ್ಲ. “ಪುಸ್ತಕ ಮುಚ್ಚಿ, ಕಣ್ಣು ಮುಚ್ಚಿ, ಕಿವಿ ಬಿಚ್ಚಿ!” ಒಂದು ಮಗು ಎದ್ದು ಪದ ಹೇಳಬೇಕು, ಉಳಿದವರು ಸೂರು ಹಾರಿಹೋಗುವ ಹಾಗೆ ಉತ್ತರ ಕೂಗಬೇಕು. ‘ಅಂಬ್ರೆಲ್ಲಾ’ ಅಂದರೆ ‘ಆ್ಯನ್’. ಬರೆಯುವಾಗ ಅದೇ ‘ಯು’ ಅಕ್ಷರದಿಂದ ಶುರುವಾದರೂ ‘ಯೂನಿಫಾರ್ಮ್’ಗೆ ‘ಎ’, ಯಾಕೆಂದರೆ ಕಿವಿಗೆ ಮೊದಲು ಬೀಳುವುದು ‘ಯ’. ಈ ಗಲಾಟೆ ತಾಳಲಾರದೆ ಪಕ್ಕದ ಕ್ಲಾಸಿನ ಲೆಕ್ಕದ ಮೇಷ್ಟ್ರು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಅಂಥವಳ ಕಿವಿಯೇ ಹೋಯಿತು. ಹಾಳಾದ್ದು, ಹೋಗುವುದಕ್ಕೆ ಬೇರೇನೂ ಇರಲಿಲ್ಲವೇ! ಕಳೆದ ವರ್ಷದ ಜ್ವರದಲ್ಲಿ ಬಲಗಿವಿ, ಅದರ ಹಿಂದೆಯೇ ಎಡಗಿವಿ. ಮಷಿನ್ ಹಾಕಿದರೂ ಅಷ್ಟಕ್ಕಷ್ಟೇ ಎಂದರು ಡಾಕ್ಟರು. ಆಕೆಗೆ ಅಳು ಬರಲಿಲ್ಲ. ಮನೆಗೆ ಬಂದು ಒಣಗಿದ ಬಟ್ಟೆ ತೆಗೆದು ಮಡಚಲು ಕೂತಳು. ದಿಂಬಿನ ಕವರಿನ ಅಂಚಿಗೆ ಅಂಚು ಸೇರಿಸುತ್ತಾ, ಅಲ್ಲ, ನನಗೆ ಏನೂ ಅನ್ನಿಸುತ್ತಲೇ ಇಲ್ಲವಲ್ಲ ಎಂದುಕೊಂಡಳು.

ಜೊತೆಗಿದ್ದ ಅಕ್ಕನಿಗೆ ಮಾತ್ರ ವಿಷಯ ಗೊತ್ತು. ಆಕೆ ಎದುರಿಗೆ ಬಂದು, ಬಾಯಿ ಅಗಲ ಮಾಡಿ, ದಿನಾ ಅದೇ ರಾಗ ಎಳೆಯುತ್ತಿದ್ದಳು.

“ಹೆಡ್‌ಮಿಸ್‌ಗೆ ಹೇಳಿಬಿಡೇ. ಎಷ್ಟು ದಿನ ಅಂತ ಮುಚ್ಚಿಡ್ತೀಯ?”

“ಹೇಳಿದ್ರೆ ಕ್ಲಾಸ್ ಕಿತ್ಕೊಂಡು ಸ್ಟೋರ್ ರೂಮಿಗೆ ಹಾಕ್ತಾರೆ. ಅಲ್ಲಿ ಚಾಕ್‌ಪೀಸ್ ಡಬ್ಬ ಕಾಯ್ತಾ ಕೂತ್ಕೊಳ್ಲಾ?”

“ಸಿಕ್ಕಿಹಾಕ್ಕೊಂಡ್ರೆ?”

“ಆಗ ನೋಡ್ಕೊಳ್ಳೋಣ ಬಿಡಕ್ಕ.”

ಕಿವಿ ಟೀಚರ್ ಇನ್ನೇನನ್ನೂ ಆಸೆಪಟ್ಟವಳಲ್ಲ. ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು, ದೊಡ್ಡ ಸ್ಕೂಲಿನವರು ಕರೆದಾಗ ಕಿವಿಗೇ ಹಾಕಿಕೊಳ್ಳಲಿಲ್ಲ. ಆ ಕ್ಲಾಸೊಂದು ತನಗಿರಲಿ, ಅಷ್ಟೇ.

ಮಕ್ಕಳ ತುಟಿ ನೋಡಿ ಪದ ಹಿಡಿಯುವುದನ್ನು ಕಲಿತಳು. ಆದರೆ ಇಡೀ ಕ್ಲಾಸು ಒಟ್ಟಿಗೆ ಬಾಯಿ ತೆರೆದರೆ ‘ಎ’ ಯಾವುದೋ ‘ಆ್ಯನ್’ ಯಾವುದೋ ದೇವರಿಗೇ ಗೊತ್ತು. ಅದಕ್ಕೂ ಒಂದು ಉಪಾಯ ಕಂಡುಕೊಂಡಳು. ಯಾರಾದರೂ ತಪ್ಪು ಹೇಳಿದರೆ ಪಕ್ಕದವರು ಕಿಸಕ್ಕನೆ ನಗುತ್ತಾರೆ. ನಗು ಕಂಡರೆ “ಇನ್ನೊಂದ್ಸಲ!” ಕಾಣದಿದ್ದರೆ “ಭೇಷ್!” ಹೀಗೇ ವರ್ಷ ಉರುಳಿತು, ಒಬ್ಬರಿಗೂ ಅನುಮಾನ ಬರಲಿಲ್ಲ.

ಆಮೇಲೊಂದು ದಿನ ಹೆಡ್‌ಮಿಸ್ ಪಾಠ ನೋಡಲು ಬಂದು ಹಿಂದಿನ ಬೆಂಚಿನಲ್ಲಿ ಕುಳಿತರು. ಮಕ್ಕಳಿಗೆ ಎದೆ ಡವಡವ. ಮೊದಲ ಬೆಂಚಿನ ಹುಡುಗಿ ಎದ್ದು ‘ಅಂಬ್ರೆಲ್ಲಾ’ ಅಂದಳು, ಕ್ಲಾಸು ಕೂಗಿತು. ಭೇಷ್. ಅವಳ ಪಕ್ಕದವಳು ‘ಯೂನಿಫಾರ್ಮ್’ ಅಂದಳು, ಕ್ಲಾಸು ಕೂಗಿತು. ಯಾರೂ ನಗಲಿಲ್ಲ. “ಭೇಷ್!” ಎಂದಳು ಕಿವಿ ಟೀಚರ್. ಹೆಡ್‌ಮಿಸ್ ಹುಬ್ಬು ಗಂಟಿಕ್ಕಿದರು.

ಪಾಠ ಮುಗಿದ ಮೇಲೆ ಆಕೆಯನ್ನು ತಮ್ಮ ಕೋಣೆಗೆ ಕರೆದುಕೊಂಡು ಹೋಗಿ, ಎದುರಿಗೆ ನಿಂತು ಕೇಳಿದರು.

“ಏನ್ ಟೀಚರ್, ಇಡೀ ಕ್ಲಾಸು ‘ಆ್ಯನ್ ಯೂನಿಫಾರ್ಮ್’ ಅಂತು. ಒಬ್ರೂ ಬಿಡದೆ ಎಲ್ರೂ ತಪ್ಪು. ನೀವು ನೋಡಿದ್ರೆ ಭೇಷ್ ಅಂತೀರ?”

ಎಲ್ಲರೂ ಕೂಡಿ ತಪ್ಪಿದರೆ ನಗುವವರು ಯಾರು? ಇಷ್ಟು ದಿನ ಇದು ಹೊಳೆದೇ ಇರಲಿಲ್ಲ. ಬಾಯಿತಪ್ಪಿ ಅಂದುಬಿಟ್ಟೆ ಎಂದು ಹಲ್ಲು ಗಿಂಜಿದ್ದರೆ ಸಾಕಿತ್ತು, ಹೆಡ್‌ಮಿಸ್ ನಂಬುತ್ತಿದ್ದರು. ಆದರೆ ತನ್ನ ಮಕ್ಕಳು ತಪ್ಪು ಹೇಳಿದ್ದಕ್ಕೆ ತಾನೇ ಬೆನ್ನು ತಟ್ಟಿದ್ದಳು. ವರ್ಷವೆಲ್ಲ ಹೀಗೆ ಎಷ್ಟು ಸಲ ತಟ್ಟಿದ್ದಳೋ. ಮರಗಟ್ಟಿದ ಮನಸ್ಸಿಗೆ ಅದೊಂದು ಮಾತ್ರ ಚುರುಕ್ಕೆಂದಿತು.

“ಮೇಡಂ, ನನಗೆ ಕಿವಿ ಕೇಳ್ಸಲ್ಲ. ಒಂದ್ ವರ್ಷ ಆಯ್ತು. ಕ್ಲಾಸ್ ಒಂದು ಬಿಡಿಸ್ಬೇಡಿ. ಮಕ್ಕಳಿಂದ ಕೈ ಎತ್ತಿಸ್ತೀನಿ, ಸ್ಲೇಟಲ್ಲಿ ಬರೆಸ್ತೀನಿ, ಹೇಗಾದ್ರೂ ಮಾಡ್ತೀನಿ.”

ಹೆಡ್‌ಮಿಸ್ ಆಕೆಯ ಮುಖವನ್ನೇ ನೋಡಿದರು. ಅಯ್ಯೋ ಅಂದದ್ದು ತುಟಿಯಲ್ಲಿ ಕಂಡಿತು. ಕೆಟ್ಟ ಹೆಂಗಸಲ್ಲ. ಮುಖ ಕೊಟ್ಟು ಹೇಳಲು ಮನಸ್ಸು ಬರಲಿಲ್ಲವೋ ಏನೋ, ಕಿಟಕಿಯ ಕಡೆ ತಿರುಗಿ ನಿಂತು ಮಾತಾಡಿದರು. ಬೆನ್ನು ಕಾಣುತ್ತಿತ್ತು, ತುಟಿ ಕಾಣುತ್ತಿರಲಿಲ್ಲ. ಒಂದು ಕೈ ಆಡುತ್ತಿತ್ತು, ಕೆನ್ನೆಯ ಅಂಚು ಅಲುಗುತ್ತಿತ್ತು. ತುಂಬಾ ಹೊತ್ತು ಮಾತಾಡಿದರು. ಕಿವಿ ಟೀಚರ್ ಕೈಕಟ್ಟಿಕೊಂಡು ನಿಂತೇ ಇದ್ದಳು. ಇತ್ತ ತಿರುಗಿ ಮೇಡಂ ಎನ್ನಬಹುದಿತ್ತು, ಎನ್ನಲಿಲ್ಲ.

ಕೊನೆಗೆ ಹೆಡ್‌ಮಿಸ್ ತಿರುಗಿದರು. ಅವರ ಕಣ್ಣು ಒದ್ದೆಯಾಗಿತ್ತು.

“ಆಯ್ತಾ ಟೀಚರ್?”

“ಆಯ್ತು ಮೇಡಂ,” ಎಂದಳು.