ಚಿಗವ್ವ ಕೇಳಿದ ಬಸಿಗಾಲುವೆ

ಮೊನ್ನೆ ರೋಣದ ಸಂತೆಯಲ್ಲಿ ಹಕ್ಕರಕಿ ಸೊಪ್ಪಿನ ಸಿವುಡೊಂದನ್ನು ಮೂಗಿಗೆ ಹಿಡಿದೆ. ಮಾರುವವಳು, "ಮೂಸಿ ನೋಡಾಕ ಇದೇನ್ ಮಲ್ಲಿಗೀನ್ರಿ ಅಕ್ಕಾರ?" ಎಂದು ನಕ್ಕಳು. ಅವಳಿಗೇನು ಗೊತ್ತು! ಆ ಕಹಿ ಹಸಿ ವಾಸನೆಗೆ ಕಣ್ಣ ಮುಂದೆ ಬಂದವಳು ನಮ್ಮ ಬಾಜೂಮನೆಯ ಚಿಗವ್ವ. ರಕ್ತಸಂಬಂಧವೇನಲ್ಲ, ಗೋಡೆಗೆ ಗೋಡೆ ಹತ್ತಿದ ಮನೆ ಅಷ್ಟೇ. ಹೊಲದಿಂದ ಬರುವಾಗ ಸೆರಗಿನ ತುಂಬ ಹಕ್ಕರಕಿ ಕಿತ್ತು ತಂದು, ನಮ್ಮ ರೊಟ್ಟಿ ಬುಟ್ಟಿಗೆ ಅರ್ಧ ಸುರಿದು ಹೋಗುತ್ತಿದ್ದಳು.

ಬೆಳವಣಕಿ ದಾರಿಯಲ್ಲಿತ್ತು ಅವಳ ಹೊಲ. ಕರಿ ಎರೆ ಭೂಮಿ. ಗಂಡ ತೀರಿದ ಮೇಲೆ ಸಣ್ಣ ಮಗನನ್ನು ಕಟ್ಟಿಕೊಂಡು ತಾನೇ ನಿಂತು ಬಿಳಿಜೋಳ, ಕಡಲೆ, ಕುಸುಬೆ ಬೆಳೆಯುತ್ತಿದ್ದಳು. ಗಂಡಸರನ್ನೇ ಗದರಿಸುವ ಬಾಯಿ. ಅಳುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಅಂಥವಳು ನಮ್ಮ ಕಡೆಗೆ ಕಾಲುವೆಯ ನೀರು ಮೊದಲ ಸಲ ಬಂದ ದಿನ ಹಸಿರು ಸೀರೆ ಉಟ್ಟು, ನೀರಿಗೆ ಉಡಿ ತುಂಬಿ, ಸಣ್ಣ ಕೂಸಿನ ಹಾಗೆ ಅತ್ತುಬಿಟ್ಟಳು.

ಆ ನೀರಿನ ಆಸೆಯೇ ನಮ್ಮನ್ನು ಕೆಡಿಸಿತು ನೋಡಿ. ಕಾಲುವೆಯ ತುದಿಯ ಊರು ನಮ್ಮದು. ಪಾಳಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಮುಂದಿನ ಪಾಳಿಯ ನೀರನ್ನೂ ಈಗಲೇ ಭೂಮಿಗೆ ಕುಡಿಸಿಬಿಡಬೇಕು ಎಂಬ ಲೆಕ್ಕ ಎಲ್ಲರದೂ. ಹೊಲ ಕೆರೆಯಾಗುವ ತನಕ ಯಾರೂ ನೀರಿನ ಬಾಯಿ ಕಟ್ಟುತ್ತಿರಲಿಲ್ಲ. ಚಿಗವ್ವನೂ ಕಟ್ಟಲಿಲ್ಲ. "ಎರಿ ಭೂಮಿ ಎಮ್ಮಿ ಇದ್ದಂಗ, ಎಷ್ಟ್ ಕುಡದ್ರೂ ಸಾಕನ್ನೂದಿಲ್ಲ" ಎನ್ನುತ್ತಿದ್ದಳು. ಕೆಲವು ಸುಗ್ಗಿ ಮನೆ ತುಂಬ ಹತ್ತಿ, ಗೋವಿನಜೋಳ. ಆಮೇಲೆ... ಹೊಲದ ತಗ್ಗಿನ ಮೂಲೆಯಲ್ಲಿ ಕಂಬಳಿ ಹಾಸುವಷ್ಟು ಜಾಗ ಬೆಳ್ಳಗಾಯಿತು.

ಉಪ್ಪು! ನಿಂತ ನೀರಿನ ಜೊತೆ ನೆಲದೊಳಗಿನ ಉಪ್ಪು ಮೇಲೇರುತ್ತದೆ. ಬಿಸಿಲಿಗೆ ನೀರು ಆರಿ ಹೋಗುತ್ತದೆ, ಉಪ್ಪು ಅಲ್ಲೇ ಕೂರುತ್ತದೆ. ಸವಳು ಅನ್ನುತ್ತಾರೆ ಅದಕ್ಕೆ. ನೋಡನೋಡುತ್ತ ಅರ್ಧ ಹೊಲಕ್ಕೆ ಹಬ್ಬಿತು. ಬಿತ್ತಿದ್ದು ಹುಟ್ಟಲಿಲ್ಲ, ಬಿತ್ತದೆ ಹುಟ್ಟುವ ಹಕ್ಕರಕಿಯೂ ಹುಟ್ಟಲಿಲ್ಲ. ಚಿಗವ್ವ ದಿನಾ ಬೆಳಗ್ಗೆ ಕಸಬರಿಗೆ ಹಿಡಿದು ಹೊಲ ಗುಡಿಸತೊಡಗಿದಳು. ಹೌದು, ಅಂಗಳ ಗುಡಿಸಿದ ಹಾಗೆ! ಉಪ್ಪನ್ನು ಬುಟ್ಟಿಗೆ ತುಂಬಿ ಹೊರಗೆ ಒಯ್ದು ಚೆಲ್ಲುವಳು. ಬಿಸಿಲೇರಿದರೆ ಮತ್ತೆ ಬೆಳ್ಳಗೆ. ಜನ ನಕ್ಕರು.

ಕೃಷಿ ಇಲಾಖೆಯವರು ಬಂದು ಉಪಾಯ ಹೇಳಿದರು. ನೀರು ಹದವಾಗಿ ಬಿಡಿ, ಜಿಪ್ಸಂ ಹಾಕಿ, ಸೆಣಬು ಬಿತ್ತಿ ಹಸಿರಿದ್ದಾಗಲೇ ಮಣ್ಣಿಗೆ ಮುಗುಚಿ. ಎಲ್ಲಕ್ಕಿಂತ ಮೊದಲು, ನಿಂತ ನೀರು ಹಳ್ಳಕ್ಕೆ ಬಸಿದು ಹೋಗುವಂತೆ ಆಳವಾದ ಬಸಿಗಾಲುವೆ ತೋಡಿ. ಚಿಗವ್ವ ಉಳಿದದ್ದನ್ನೆಲ್ಲ ಮಾಡಿದಳು. ಬಸಿಗಾಲುವೆ ಮಾತ್ರ ಅವಳ ಕೈಯಲ್ಲಿರಲಿಲ್ಲ. ಅದು ಕೆಳಗಿನ ಹೊಲದ ಕಾಕಾನ ಭೂಮಿಯನ್ನು ಸೀಳಿಕೊಂಡೇ ಹಳ್ಳ ಸೇರಬೇಕು. ಅವನ ಬಾಗಿಲಿಗೆ ಎಷ್ಟು ಸಲ ಅಲೆದಳೋ... ಒಮ್ಮೆ ನಾನೂ ಜೊತೆಗಿದ್ದೆ.

"ಬಂಗಾರದಂಥಾ ಹೊಲಾ ಸೀಳಿ ಎರಡ ಮಾಡ್ಲೇನವಾ? ನಿನ್ನ ಉಪ್ಪು ನನಗ್ಯಾಕ?" ಎಂದ ಕಾಕಾ.

ಅಷ್ಟು ಜೋರಿನ ಚಿಗವ್ವ ಅಂದು ದನಿ ಏರಿಸಲಿಲ್ಲ. "ನಡುವಿನ ಒಡ್ಡು ನಿನಗ ಕಾಣತೈತಿ ಯಣ್ಣಾ, ಉಪ್ಪಿಗೆ ಕಾಣೂದಿಲ್ಲ" ಎಂದಷ್ಟೇ ಹೇಳಿ ಹೊರಬಿದ್ದಳು.

ಆ ವರ್ಷದ ಎಳ್ಳಮಾವಾಸ್ಯೆಗೆ ಊರೆಲ್ಲ ಚಕ್ಕಡಿ ಕಟ್ಟಿಕೊಂಡು, ಬೆಳೆ ಹೊತ್ತು ಬಸುರಿಯಾದ ಭೂಮಿತಾಯಿಗೆ ಅಡುಗೆಯ ತುತ್ತು ಎರಚಿ ಚರಗ ಚೆಲ್ಲಲು ಹೊರಟಿತ್ತು. ಚಿಗವ್ವನೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಬದನೆಕಾಯಿ ಪಲ್ಯ ಮಾಡಿ, ಬುಟ್ಟಿ ಹೊತ್ತು ನನ್ನನ್ನೂ ಕರೆದುಕೊಂಡು ಹೋದಳು. ಅಷ್ಟರಲ್ಲಿ ಪೂರಾ ಬೆಳ್ಳಗಾಗಿದ್ದ ಹೊಲದ ನಡುವೆ ನಿಂತು ಚರಗದ ತುತ್ತು ಕೈಗೆ ತೆಗೆದುಕೊಂಡಳು. ಕೈ ಮೇಲೇಳಲಿಲ್ಲ.

"ಬಸುರಿ ಅಲ್ಲದಾಕಿಗೆ ಬಯಕಿ ಊಟಾ ಹ್ಯಾಂಗ ಮಾಡಸ್ಲಿ, ತಂಗಿ?"

ತುಂಬಿದ ಬುಟ್ಟಿ ಹೊತ್ತು ಹೋದ ಹಾಗೆಯೇ ತಿರುಗಿ ಬಂದೆವು. ಆಮೇಲೆ ಅವಳು ಹೊಲದ ಕಡೆ ಹೋಗುವುದನ್ನೇ ಬಿಟ್ಟಳು. ಒಂದೆರಡು ಮಳೆಗಾಲ ಕಳೆದು ತಾನೂ ತೀರಿಹೋದಳು.

ಹೋದ ವಾರ ಕಾಕಾ ನಮ್ಮ ಕಟ್ಟೆಗೆ ಬಂದು ಕೂತ. ಮುದುಕನಾಗಿದ್ದಾನೆ. ಅವನ ಹೊಲವೂ ಬೆಳ್ಳಗಾಗುತ್ತ ಬಂದಿದೆ.

"ಈಗ ನಾ ಬಸಿಗಾಲುವಿಗೆ ತಯಾರದೀನವಾ. ಮ್ಯಾಲಿನ ನೀರ ಇಳೀಬೇಕಂದ್ರ ಅಕಿ ಹೊಲದಿಂದನ ತೋಡ್ಕೊಂತ ಬರಬೇಕು. ಅಕಿ ಮಗಾ ಒಲ್ಲೆ ಅಂತಾನ. ನಮ್ಮವ್ವ ಬಾಗಿಲಿಗೆ ಬಂದಾಗ ಎಲ್ಲಿ ಹೋಗಿತ್ತು ನಿನ್ನ ಬುದ್ಧಿ ಅಂತ ಕೇಳತಾನ. ನೀ ಒಂದ್ ಮಾತ್ ಹೇಳು..."

ಚಿಗವ್ವನ ಮಗ ಗಜೇಂದ್ರಗಡದಲ್ಲಿ ಟಂಟಂ ಆಟೋ ಓಡಿಸುತ್ತಾನೆ. ಕಾಕಾನ ಎದುರಿಗೇ ಫೋನು ಹಚ್ಚಿದೆ. "ಯಕ್ಕಾ, ಬ್ಯಾರೆ ಏನರ ಇದ್ರ ಹೇಳು" ಎಂದು ಕತ್ತರಿಸಿಬಿಟ್ಟ. ಅವನನ್ನು ಬಯ್ಯಲೋ, ಎದುರಿಗೆ ತಲೆ ತಗ್ಗಿಸಿ ಕೂತ ಈ ಮುದುಕನನ್ನು ಬಯ್ಯಲೋ? ಇಬ್ಬರ ಮೇಲೂ ಸಿಟ್ಟು ಬಂತು, ಇಬ್ಬರನ್ನೂ ನೋಡಿ ಅಯ್ಯೋ ಅನ್ನಿಸಿತು. ಕಾಕಾನಿಗೆ ಚಹಾ ಕೊಟ್ಟು ಕಳಿಸಿದೆ, ಮತ್ತೇನು ಮಾಡಲಿ?

ಚಿಗವ್ವ ಇದ್ದಿದ್ದರೆ ಹಳೆಯದೊಂದನ್ನೂ ಎತ್ತಿ ಆಡದೆ, ಸೀರೆ ಮೇಲೆ ಕಟ್ಟಿ, ಸಲಿಕೆ ಹಿಡಿದು ಕಾಕಾನಿಗಿಂತ ಮೊದಲೇ ಹೊಲದಲ್ಲಿರುತ್ತಿದ್ದಳು. ಹೂಂ ಎನ್ನಬೇಕಾದವನು ಕೊನೆಗೂ ಹೂಂ ಎಂದಿದ್ದಾನೆ. ಕೇಳಿದವಳಿಲ್ಲ.