ಐದನೆಯ ಪ್ರತಿ

ಕಳೆದ ವಾರ ಕಚೇರಿಯ ಹಳೆಯ ಬೀರು ಖಾಲಿ ಮಾಡುವಾಗ ಕಾರ್ಬನ್ ಹಾಳೆಗಳ ಒಂದು ಪೊಟ್ಟಣ ಸಿಕ್ಕಿತು. ಬಳಸುವವರಿಲ್ಲದೆ ಅಂಚುಗಳು ಮುರುಟಿಕೊಂಡಿದ್ದವು. ಮೇಲಿನ ಹಾಳೆ ಎತ್ತಿದಾಗ ಎಣ್ಣೆಯದೂ ಅಲ್ಲದ, ಮಸಿಯದೂ ಅಲ್ಲದ ಆ ವಾಸನೆ ಬಂತು. ನಮ್ಮ ಹೆಡ್ ಮೇಷ್ಟ್ರು ನೆನಪಾದರು. ಅವರು ನೆನಪಾದಾಗಲೆಲ್ಲ ಮೊದಲು ಬರುವುದು ಸಿಡುಕೇ. ಈ ಸಲವೂ ಹಾಗೇ ಆಯಿತು.

ನಮ್ಮೂರು ರಾವಂದೂರಿನಿಂದ ಮೂರು ಮೈಲಿ ಒಳಗೆ. ಶಾಲೆ ಏಳನೇ ತರಗತಿಯವರೆಗೆ ಮಾತ್ರ ಇತ್ತು, ಹೈಸ್ಕೂಲಿಗೆ ರಾವಂದೂರಿಗೇ ಹೋಗಬೇಕು. ಮೇಷ್ಟ್ರು ಪಿರಿಯಾಪಟ್ಟಣದಿಂದ ಒಂಬತ್ತರ ಬಸ್ಸಿಗೆ ಬಂದು ಆರರ ಬಸ್ಸಿಗೆ ಹೋಗುತ್ತಿದ್ದರು. ಶಾಲೆಯಲ್ಲಿ ನಡೆಯುವುದೆಲ್ಲ ಮನೆಯವರಿಗೆ ತಿಳಿಯಬೇಕು, ಆಗಲೇ ಊರು ಶಾಲೆಯನ್ನು ನಂಬುತ್ತದೆ ಎಂಬುದು ಅವರ ಹಟ. ಅದರಲ್ಲಿ ತಪ್ಪೇನಿರಲಿಲ್ಲ. ತಿಳಿಸುವ ದಾರಿ ಮಾತ್ರ ಅವರಿಗೆ ಒಂದೇ ಗೊತ್ತಿತ್ತು, ಚೀಟಿ. ಪರೀಕ್ಷೆಗೆ ಚೀಟಿ, ರಜೆಗೆ ಚೀಟಿ, ಶಾಲೆಯ ಬೋರ್‌ವೆಲ್ ಕೆಟ್ಟರೂ ಚೀಟಿ. ನಡುವೆ ಕಾರ್ಬನ್ ಇಟ್ಟು ಒಂದು ಸಲಕ್ಕೆ ಐದು ಪ್ರತಿ ತೆಗೆಯುತ್ತಿದ್ದರು. ಕೊನೆಯಲ್ಲಿ 'ಪೋಷಕರ ಸಹಿ' ಎಂದು ಒಂದು ಗೆರೆ. ನಮ್ಮ ಬೀದಿಯ ಐದು ಮನೆಗಳಲ್ಲಿ ಚೀಟಿ ಓದಬಲ್ಲ ದೊಡ್ಡವರು ಒಬ್ಬರೂ ಇರಲಿಲ್ಲ. ಸಹಿ ಹಾಕಬಲ್ಲವನು ನಮ್ಮಪ್ಪ ಒಬ್ಬನೇ, ಅವನು ಯಾವ ಕಾಗದಕ್ಕೂ ಸಹಿ ಹಾಕುತ್ತಿರಲಿಲ್ಲ.

ಹಾಗಾಗಿ ಬೀದಿಯ ಚೀಟಿಗಳೆಲ್ಲ ನನ್ನ ಕೈಗೆ ಬರುತ್ತಿದ್ದವು. ನಾನು ತಡವರಿಸದೆ ಓದುತ್ತಿದ್ದೆ, ಅದರ ಬಗ್ಗೆ ನನಗೆ ಜಂಬವೂ ಇತ್ತು. ಆದರೆ ಲೆಕ್ಕದಲ್ಲಿ ಮಾತ್ರ ಫೇಲಾಗುತ್ತಿದ್ದೆ. ಲೆಕ್ಕವಿರುತ್ತಿದ್ದದ್ದು ಬೋರ್ಡಿನ ಮೇಲೆ, ಬೋರ್ಡು ನನಗೆ ಕಾಣುತ್ತಿರಲಿಲ್ಲ. ಎರಡು ವರ್ಷ ಪಕ್ಕದವಳ ಪುಸ್ತಕ ನೋಡಿ ಬರೆದುಕೊಂಡೆ, ಯಾರಿಗೂ ಹೇಳಲಿಲ್ಲ. "ತಲೆಗ್ ಹತ್ತಕಿಲ್ಲ ಅಂದ್ಮೇಲೆ ರಾವಂದೂರ್‌ಗೆ ಯಾಕ್ ಕಳಿಸ್‌ಬೇಕು? ಏಳಕ್ಕೇ ಬುಡುಸ್ತೀನಿ," ಎಂದು ಅಪ್ಪ ಆಗಲೇ ಹೇಳಿಯಾಗಿತ್ತು. ನಾನು ಆಗ ಏಳನೆಯಲ್ಲೇ ಇದ್ದೆ.

ಆ ಚೀಟಿ ಬಂದದ್ದು ಹೊಗೆಸೊಪ್ಪಿನ ಕಾಲದಲ್ಲಿ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರು ಕೆಳಗಿದ್ದುದರಿಂದ ಯಾವಾಗಲೂ ನನಗೆ ಐದನೆಯ ಪ್ರತಿ. ಶುಕ್ರವಾರ ಶಾಲೆಯಲ್ಲಿ... ಅಲ್ಲೊಂದು ನೀಲಿ ಕಲೆ... ಕ್ಯಾಂಪ್ ಇರುತ್ತದೆ, ಎಲ್ಲ ಮಕ್ಕಳ ಹಾಜರಿ ಕಡ್ಡಾಯ, ಪೋಷಕರು ಒಪ್ಪಿಗೆಯ ಸಹಿ ಹಾಕುವುದು. ಇಷ್ಟೇ ಓದಲು ಸಿಕ್ಕಿದ್ದು. ಅಜ್ಜಿ "ಯಾವ ಕ್ಯಾಂಪವ್ವಾ?" ಎಂದು ಕೇಳಿದಳು. ಓದಲಾಗುತ್ತಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. "ಕ್ಯಾಂಪು ಅಷ್ಟೇ," ಎಂದೆ. ಅಕ್ಕಪಕ್ಕದ ಮನೆಗಳವರು ತಮ್ಮ ನಾಲ್ಕು ಚೀಟಿ ತಂದಾಗ ಅವನ್ನು ಬಿಡಿಸಿಯೂ ನೋಡದೆ, ಎಲ್ಲ ಒಂದೇ ಎಂದು ಅದನ್ನೇ ಒಪ್ಪಿಸಿದೆ.

ನಮ್ಮೂರಲ್ಲಿ ಆಗ ಕ್ಯಾಂಪ್ ಎಂದರೆ ಒಂದೇ ಅರ್ಥ. ಜೀಪು ಬಂದು ಹೆಂಗಸರನ್ನು ಆಸ್ಪತ್ರೆಗೆ ಕರೆದೊಯ್ದು, ಮುಂದೆ ಮಕ್ಕಳಾಗದಂತೆ ಆಪರೇಷನ್ ಮಾಡಿಸಿ, ಮನೆ ಮುಂದೆ ಇಳಿಸಿ ಹೋಗುವುದು. "ನಿಂದು ಕ್ಯಾಂಪ್ ಆಯ್ತಾ?" ಎಂದು ಹೆಂಗಸರು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಶುಕ್ರವಾರ ನಮ್ಮ ಬೀದಿಯಿಂದ ಒಂದು ಮಗುವೂ ಶಾಲೆಗೆ ಹೋಗಲಿಲ್ಲ. ಮಾತು ಬೇರೆ ಬೀದಿಗಳಿಗೂ ಹಬ್ಬಿತ್ತು, ಅಲ್ಲಿಂದಲೂ ಹೋಗಲಿಲ್ಲ.

ಮಧ್ಯಾಹ್ನ ಮೇಷ್ಟ್ರು ಹೊಗೆಸೊಪ್ಪು ಹದ ಮಾಡುವ ನಮ್ಮ ಬ್ಯಾರನ್ನಿನ ಹತ್ತಿರ ಬಂದರು. ಹೆಂಗಸರು ನೆರಳಿನಲ್ಲಿ ಕುಳಿತು ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು, ನಾನು ಅಜ್ಜಿಯ ಪಕ್ಕದಲ್ಲಿದ್ದೆ.

"ಏನಮ್ಮಾ, ಒಬ್ರನ್ನೂ ಕಳಿಸ್ಲಿಲ್ಲ. ಡಾಕ್ಟ್ರು ಕಾದು ಕಾದು ಹೋದ್ರು," ಎಂದರು ಮೇಷ್ಟ್ರು.

ಅಜ್ಜಿ ತಲೆ ಎತ್ತಲಿಲ್ಲ. "ದೊಡ್ಡೋರ್ದೆಲ್ಲಾ ಮುಗೀತಾ ಮೇಷ್ಟ್ರೇ? ಈಗ ಐಕ್ಳಿಗೂ ಕ್ಯಾಂಪ್ ಮಾಡುಸ್ತೀರಾ?"

"ಮೊದ್ಲು ನೀವ್ ಮಾಡುಸ್ಕೊಂಡ್ ಬನ್ನಿ, ಆಮ್ಯಾಕ್ ನೋಡುವಾ," ಎಂದಳು ಆಚೆ ಮನೆಯ ಅತ್ತೆ. ಎಲ್ಲರೂ ನಕ್ಕರು.

ಮೇಷ್ಟ್ರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಕಣ್ಣಿನ ಕ್ಯಾಂಪಮ್ಮಾ ಅದು. ನೇತ್ರ ತಪಾಸಣಾ ಕ್ಯಾಂಪ್ ಅಂತ ಚೀಟೀಲಿ ಬರೆದಿದ್ದೀನಲ್ಲ."

"ಬರ್ದಿರ್ತೀರಾ ಬುಡಿ. ಬಾಯ್ಬುಟ್ಟು ಯೋಳಿದ್ರಾ?" ಎಂದಳು ಅಜ್ಜಿ.

ಆಗ ಅವರು ಮಾಡಿದ್ದನ್ನು ನೆನೆದರೆ ಈಗಲೂ ಹಣೆ ಚಚ್ಚಿಕೊಳ್ಳಬೇಕೆನಿಸುತ್ತದೆ. ಜೇಬಿನಿಂದ ಶಾಲೆಯ ಪ್ರತಿ ತೆಗೆದು ಅಜ್ಜಿಯ ಮುಂದೆ ಹಿಡಿದರು. "ಎರಡನೇ ಸಾಲು ನೋಡಿ," ಎಂದರು. ಅಜ್ಜಿ ಕಾಗದವನ್ನಲ್ಲ, ಅವರನ್ನೇ ನೋಡಿದಳು. ಅವರು ಅದನ್ನು ಮಡಿಸಿ ಒಳಗಿಟ್ಟುಕೊಂಡು, ದನಿ ತಗ್ಗಿಸಿ, "ಈ ಮಗೂಗೆ ಬೋರ್ಡ್ ಕಾಣ್ಸಲ್ಲಮ್ಮ. ಇವಳಿಗೋಸ್ಕರಾನೇ ನಾನು ಆ ಡಾಕ್ಟ್ರ ಕಾಲು ಹಿಡಿದು..." ಎಂದು ಅರ್ಧಕ್ಕೇ ನಿಲ್ಲಿಸಿದರು.

ಅಜ್ಜಿಯ ಕೈ ನಿಂತಿತು. "ಕಾಣಕಿಲ್ವಾ? ಯಾಕವ್ವಾ ಯೋಳ್ನಿಲ್ಲ?"

ನಾನು ಕಡ್ಡಿಗೆ ಇನ್ನೊಂದು ಎಲೆ ಕಟ್ಟಿದೆ.

ಪಿರಿಯಾಪಟ್ಟಣದ ಆಸ್ಪತ್ರೆಯಲ್ಲಿ ತೋರಿಸಬಹುದಿತ್ತು. ಆದರೆ ತಾವೇ ಕರೆದೊಯ್ಯಲು ಮೇಷ್ಟ್ರಿಗೆ ಅಪ್ಪನ ಒಪ್ಪಿಗೆ ಪತ್ರ ಬೇಕು. ಅಪ್ಪ, "ನಮ್ಮಪ್ಪ ಒಂದ್ಸಲ ಹೆಬ್ಬೆಟ್ ಒತ್ತಿ ಕೆರೆ ಕೆಳಗ್ಲ ಗದ್ದೆ ಕಳ್ಕಂಡ. ನಾನ್ ಸೈ ಹಾಕಕಿಲ್ಲ," ಎಂದ. ಮೇಷ್ಟ್ರು ಅದು ಎಂಥ ಪತ್ರವೆಂದು ವಿವರಿಸಿ ಇನ್ನೊಂದು ಪತ್ರ ಬರೆದರು. ಹೀಗೆ ನಾಲ್ಕು ದಿನ. ಐದನೆಯ ದಿನ ಅಜ್ಜಿ ಯಾರನ್ನೂ ಕೇಳದೆ ನನ್ನ ಕೈ ಹಿಡಿದು ಬಸ್ ಹತ್ತಿದಳು. ಅವತ್ತು ಶಾಲೆಗೆ ಹೋಗದಿದ್ದುದಕ್ಕೆ ಮೇಷ್ಟ್ರು ಆಮೇಲೆ ರಜಾ ಚೀಟಿ ಕೇಳಿದರು.

ಕನ್ನಡಕ ಬಂತು. ಬೋರ್ಡಿನ ಮೂಲೆಯಲ್ಲಿ ದಿನವೂ ಹಾಜರಿ ಸಂಖ್ಯೆ ಬರೆದಿರುತ್ತಾರೆಂದು ನನಗೆ ಆಗ ಗೊತ್ತಾಯಿತು. ಲೆಕ್ಕದಲ್ಲಿ ಪಾಸಾದೆ. ಅಪ್ಪ ಗೊಣಗುತ್ತಲೇ ರಾವಂದೂರಿನ ಹೈಸ್ಕೂಲಿಗೆ ಸೇರಿಸಿದ.

ಕ್ಯಾಂಪ್ ತಪ್ಪಿದ ಮರುದಿನವೇ ಮೇಷ್ಟ್ರು ನನ್ನ ಚೀಟಿಯನ್ನು ತರಿಸಿ ನೋಡಿದ್ದರು. ನೀಲಿ ಕಲೆಯನ್ನು ಬೆರಳಿನಿಂದ ಉಜ್ಜಿ ನೋಡಿದರು. ಉಳಿದ ನಾಲ್ಕು ಚೀಟಿಗಳ ಬಗ್ಗೆ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಂದಿನಿಂದ ಸಂಜೆ ಹಾಲಿನ ಡೈರಿ ಮುಂದೆ ಜನ ಸಾಲು ನಿಂತಾಗ ಚೀಟಿಯನ್ನು ಗಟ್ಟಿಯಾಗಿ ಓದತೊಡಗಿದರು. ಮೊದಲ ದಿನ ತಪ್ಪು ತಮ್ಮದೇ ಎಂದು ಎಲ್ಲರ ಕ್ಷಮೆಯನ್ನೂ ಕೇಳಿದರು. 'ಈ ಮೂಲಕ ತಮ್ಮ ಗಮನಕ್ಕೆ ತರಲಾಗಿದೆ' ಎಂದೇ ಶುರು. "ಆಯ್ತು ಮೇಷ್ಟ್ರೇ, ಈಗ ಕನ್ನಡದಲ್ಲಿ ಯೋಳಿ," ಎಂದು ಯಾರಾದರೂ ಅನ್ನುತ್ತಿದ್ದರು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಮತ್ತೆ ಮೊದಲಿನಿಂದ ಹೇಳುತ್ತಿದ್ದರು. ವರ್ಷ ತಿರುಗುವಷ್ಟರಲ್ಲಿ ಜನ ಕ್ಯಾನು ಹಿಡಿದು ಅವರಿಗಾಗಿ ಕಾಯುವಂತಾಗಿತ್ತು. ಚೀಟಿಗಳು ಮಾತ್ರ ನಿಲ್ಲಲಿಲ್ಲ.

ಎಂ.ಎ. ಓದುವಾಗ ಒಮ್ಮೆ ಪಿರಿಯಾಪಟ್ಟಣದ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದರು. ನಿವೃತ್ತರಾಗಿದ್ದರು. ಕುಶಲ ಕೇಳಿ ಮುಗಿಯುವ ಮೊದಲೇ, "ಆವತ್ತು ಮೂರು ಪ್ರತಿಗೆ ನಿಲ್ಲಿಸ್ಬೇಕಿತ್ತಮ್ಮ. ಐದು ತೆಗೆದಿದ್ದು ನನ್ನ ತಪ್ಪು," ಎಂದರು. ಇಷ್ಟು ವರ್ಷದ ಮೇಲೂ ಅದೇ ಮಾತೇ ಎಂದು ನನಗೆ ರೇಗಿತು. ಬಸ್ ಬಂತು ಸರ್ ಎಂದೆ. ನಿಜಕ್ಕೂ ಬಂದಿತ್ತು.

ಹೋದ ವರ್ಷ ಅವರು ತೀರಿಕೊಂಡರಂತೆ. ಸುದ್ದಿ ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ಬಸ್ಸು ಒಂದು ನಿಮಿಷ ತಡವಾಗಿದ್ದರೂ ಹೇಳುತ್ತಿದ್ದೆ ಎಂದು ಅಂದುಕೊಳ್ಳಲು ನೋಡುತ್ತೇನೆ. ಹೇಳುತ್ತಿರಲಿಲ್ಲ ಎಂದು ನನಗೆ ಗೊತ್ತಿದೆ. ಹೇಳಬೇಕಾಗಿದ್ದದ್ದು ಇಷ್ಟೇ: ಆ ನಾಲ್ಕು ಚೀಟಿಗಳು ಚೆನ್ನಾಗಿಯೇ ಮೂಡಿದ್ದವು ಮೇಷ್ಟ್ರೇ, ಬಿಡಿಸಿ ನೋಡದೆ ಹೋದವಳು ನಾನು.