ಗೆರೆಯ ಈಚೆಗೆ ಇಟ್ಟ ಚೆಂಡು

ಇದನ್ನು ಹೇಳುವುದನ್ನು ನಾನು ಬಹಳ ವರ್ಷ ಮುಂದೂಡಿದ್ದೇನೆ. ಪಾದ್ರಿಗಳ ಮುಂದೆ ಪಾಪನಿವೇದನೆಗೆ ಮೊಣಕಾಲೂರಿದಾಗಲೂ ಸಣ್ಣಪುಟ್ಟದ್ದೆಲ್ಲ ಹೇಳಿ, ಇದೊಂದನ್ನು ನುಂಗಿ ಎದ್ದು ಬಂದಿದ್ದೇನೆ. ಇನ್ನು ನುಂಗುವುದಿಲ್ಲ.

ಆ ಕಾಲದಲ್ಲಿ ಈ ಕೊಲ್ಲಿ ನಾಡಿನ ಬಿನ್ ಮಹಮೂದ್ ಬಡಾವಣೆಯಲ್ಲಿ ಮನೆಗಳಿಗಿಂತ ಖಾಲಿ ಮರಳೇ ಹೆಚ್ಚು. ಅಪ್ಪ ಉಡುಪಿ ಕಡೆಯಿಂದ ಬಂದ ಗುಮಾಸ್ತ. ನಮ್ಮ ಮೇಲಿನ ಮನೆಯಲ್ಲಿ ಬ್ಯಾರಿ ವ್ಯಾಪಾರಿಯೊಬ್ಬರ ಸಂಸಾರ. ಅವರ ಮಗ ನನ್ನ ಓರಗೆಯವನು. ನಮ್ಮ ಮನೆಯಲ್ಲಿ ಕೊಂಕಣಿ, ಅವನ ಮನೆಯಲ್ಲಿ ಬ್ಯಾರಿ. ಜಗಳಕ್ಕೂ ಗುಟ್ಟಿಗೂ ನಮ್ಮಿಬ್ಬರಿಗೆ ಇದ್ದದ್ದು ಕನ್ನಡವೊಂದೇ.

ಎದುರು ಮನೆಯ ಇಂಗ್ಲಿಷ್ ಇಂಜಿನಿಯರ್ ನಮಗೆ ರಗ್ಬಿ ಲೀಗ್ ಕಲಿಸಿದ. ಚೆಂಡು ಹಿಡಿದು ಓಡಿ ಎದುರಾಳಿಗಳ ಕೊನೆಯ ಗೆರೆಯ ಆಚೆ ನೆಲಕ್ಕೆ ಒತ್ತಿದರೆ ಅಂಕ; ಎಸೆದರೆ ಹಿಂದಕ್ಕೇ ಎಸೆಯಬೇಕು. ಎದುರಾಳಿಗಳು ಆರು ಸಲ ಹಿಡಿದು ಕೆಡವಿದರೆ ಚೆಂಡು ಅವರದು. ನಡುವೆ ಕೈಜಾರಿದರೆ ಆಗಲೇ ಅವರದು. ಚೆಂಡಿಲ್ಲದವರು ಓಡಿ ಓಡಿ ಕೆಡವುತ್ತಲೇ ಇರಬೇಕು. "ಚೆಂಡು ಬೀಳಿಸಿದವನು ದಣಿಯುವುದಿಲ್ಲ, ಅವನ ಪಕ್ಕದವನು ದಣಿಯುತ್ತಾನೆ" ಎಂದು ಆತ ಹೇಳುತ್ತಿದ್ದ. ನಾನು ತಲೆಗೆ ಹಾಕಿಕೊಳ್ಳಲಿಲ್ಲ.

ಆ ವರ್ಷ ರಂಜಾನ್‌ನಲ್ಲಿ ನನ್ನ ಗೆಳೆಯ ಮೊದಲ ಬಾರಿಗೆ ಇಡೀ ತಿಂಗಳ ಉಪವಾಸ ಹಿಡಿದಿದ್ದ. ಅಡುಗೆಮನೆಯ ಗೋಡೆಯ ಮೇಲೆ ಅವನ ಅಮ್ಮ ದಿನಕ್ಕೊಂದು ಇದ್ದಿಲ ಗೆರೆ ಎಳೆಯುತ್ತಿದ್ದರು. ಒಂದೂ ತಪ್ಪಬಾರದೆಂದು ಅವನ ಹಟ. ಇಪ್ಪತ್ತಾರು ಗೆರೆ ಆಗಿದ್ದ ದಿನವೇ, ಇಂಗ್ಲಿಷರ ಕಾಲೊನಿಯ ಹುಡುಗರ ಜೊತೆ ನಮ್ಮ ಪಂದ್ಯ. ಅದನ್ನು ಗೆಲ್ಲಲೇಬೇಕೆಂದು ನನ್ನ ಹಟ.

ಒಂದೇ ಕೈಯಲ್ಲಿ ಚೆಂಡು ಹಿಡಿದು ಓಡುವ ಠೀವಿ ನನಗೆ. ಮೂರು ಸಲ ಬೀಳಿಸಿದೆ. ಮೂರು ಸಲವೂ ಎದುರಾಳಿಗಳ ಕಾಲು ತಬ್ಬಿ ಕೆಡವಿದವನು ಅವನೇ. "ನಿನ್ನ ಕೈಗೆ ಅಮ್ಮ ಬೆಣ್ಣೆ ಹಚ್ಚಿ ಕಳ್ಸಿದ್ದಾರಾ?" ಎಂದು ಮೊದಲ ಸಲ ನಕ್ಕ. ಎರಡನೆಯ ಸಲ ಮೊಣಕಾಲಿಗೆ ಕೈಯೂರಿ ಎದ್ದ. ಮೂರನೆಯ ಸಲ ಮರಳಿನ ಮೇಲೆ ಬಿದ್ದವನು ಏಳಲಿಲ್ಲ. ತುಟಿ ಬೆಳ್ಳಗಾಗಿ ಒಡೆದಿತ್ತು.

ನಾವು ಸ್ವಲ್ಪವೇ ಹಿಂದಿದ್ದೆವು; ಇನ್ನೊಮ್ಮೆ ಗೆರೆ ದಾಟಿದರೆ ಗೆಲುವು ನಮ್ಮದು. ಧೂಳಿನಲ್ಲಿ ಸೂರ್ಯ ಎಲ್ಲಿದ್ದಾನೆಂದೇ ತಿಳಿಯುತ್ತಿರಲಿಲ್ಲ. ಮೇಲಿನ ಕಿಟಕಿಯಿಂದ ಸಮೋಸ ಕರಿಯುವ ವಾಸನೆ ಬರುತ್ತಿತ್ತು. ನಾನು ನೀರಿನ ಬಾಟಲಿ ತಂದು ಅವನ ಬಾಯಿಗೆ ಹಿಡಿದೆ.

"ಬಾಂಗ್ ಆಯ್ತಾ?" ಎಂದ.

"ಆಯ್ತು ಮಾರಾಯ, ನಿಂಗೆ ಕೇಳ್ಲಿಲ್ವಾ? ಕುಡಿ."

ಉಪವಾಸ ಬಿಡುವ ಸಂಜೆಯ ಬಾಂಗ್ ಇನ್ನೂ ಆಗಿರಲಿಲ್ಲ. ಅವನು ನನ್ನ ಮುಖವನ್ನೂ ನೋಡದೆ, ಬಿಸ್ಮಿಲ್ಲಾ ಎಂದು ಗಟಗಟನೆ ಕುಡಿದ.

ನೀರು ಕೆಲಸ ಮಾಡಿತು. ಎದ್ದ; ಒಬ್ಬನನ್ನು ಕೆಡವಿದ, ಜಾರಿದ ಚೆಂಡನ್ನು ಎತ್ತಿಕೊಂಡು ಓಡಿದ. ಮುಂದೆ ಯಾರೂ ಇರಲಿಲ್ಲ. ಗೆರೆಗೆ ಎರಡು ಹೆಜ್ಜೆ ಇದ್ದಾಗ ಮಸೀದಿಯಿಂದ ಬಾಂಗ್ ಕೇಳಿಸಿತು.

ಅವನು ನಿಂತ. ಗದ್ದದ ನೀರನ್ನು ಅಂಗೈಯಿಂದ ಒರೆಸಿ, ಆ ಕೈಯನ್ನು ನೋಡಿಕೊಂಡ. ಚೆಂಡನ್ನು ಗೆರೆಯ ಈಚೆಗೆ ಮರಳಿನ ಮೇಲೆ ಮೆಲ್ಲಗೆ ಇಟ್ಟು ಮನೆಯ ಕಡೆ ನಡೆದ. ಕಾಲೊನಿಯ ಹುಡುಗರು ಅದನ್ನು ಎತ್ತಿಕೊಂಡರು. ಖಲಾಸ್.

ಗೆದ್ದ ಆಟ ಕೆಡಿಸಿದ ಹೆಡ್ಡನೆಂದು ನಮ್ಮವರೆಲ್ಲ ಅವನನ್ನು ಬೈದರು. ನಾನು ಸುಮ್ಮನಿದ್ದೆ. ಆ ಸಂಜೆಯೂ ಅವನ ಅಮ್ಮ ಎಂದಿನಂತೆ ನಮ್ಮ ಮನೆಗೆ ಗಂಜಿ, ಸಮೋಸ ಕಳಿಸಿದರು. ತಿಂದೆ. ಹಬ್ಬ ಮುಗಿದು ಎಲ್ಲರೂ ಉಣ್ಣುತ್ತಿದ್ದಾಗ ಅವನೊಬ್ಬನೇ ಒಂದು ದಿನ ಉಪವಾಸ ಕುಳಿತು ತಪ್ಪಿದ ಆ ಇದ್ದಿಲ ಗೆರೆಯನ್ನು ತೀರಿಸಿದ. ನನ್ನ ಹೆಸರನ್ನು ಯಾರಿಗೂ ಹೇಳಲಿಲ್ಲ.

ಈಗ ಆ ಮರಳಿನ ಮೇಲೆ ಯಾವುದೋ ಕ್ಲಿನಿಕ್ಕಿಗೆ ಬಂದವರ ಕಾರುಗಳು ನಿಲ್ಲುತ್ತವೆ. ಟಿವಿಯಲ್ಲಿ ಮೊಮ್ಮಗ ರಗ್ಬಿ ನೋಡುವಾಗ ಯಾರ ಕೈಯಲ್ಲಿ ಚೆಂಡು ಎಷ್ಟು ಹೊತ್ತು, ಯಾರದು ಎಷ್ಟು ತಪ್ಪು ಎಂದು ಬರೆದು ತೋರಿಸುತ್ತಾರೆ. ತಪ್ಪು ಯಾರಿಂದ ಶುರುವಾಯಿತೆಂದು ತೋರಿಸುವುದಿಲ್ಲ.

ಅವನು ಇದೇ ಊರಿನ ಅಲ್ ಮನ್ಸೂರಾದಲ್ಲೇ ಇದ್ದಾನೆ. ಮದುವೆಗಳಲ್ಲಿ ಸಿಗುತ್ತಾನೆ, ನಗುತ್ತಾನೆ. ಮೊನ್ನೆಯೂ ಸಿಕ್ಕಿದ. "ಊಟ ಶುರುವಾಯ್ತು, ಬಾ" ಎಂದೆ. ಅವನು ಮೊದಲು ಊಟದ ಕೋಣೆಯ ಬಾಗಿಲ ಕಡೆ ನೋಡಿದ, ಆಮೇಲೆ ಎದ್ದ. ನನ್ನ ಮಾತನ್ನು ಕಣ್ಣುಮುಚ್ಚಿ ನಂಬುತ್ತಿದ್ದವನು ಒಬ್ಬನಿದ್ದ. ಅವನನ್ನು ನಾನೇ ಕಳೆದುಕೊಂಡೆ.

ಈ ಶುಕ್ರವಾರ ನಾನೇ ಅವನ ಮನೆಗೆ ಹೋಗಿ ಇದನ್ನು ಅವನ ಮುಂದೆ ಹೇಳುತ್ತೇನೆ. ಅವನ ಹೆಸರು ಹಮೀದ್.